ಗುಂಡು ಬಿದ್ದ ಜಾಗ ಕಾಣಬೇಕು: ನನ್ನ ರೈಫಲ್‌ಗೆ ಬ್ರೇಕ್ ಹುಡುಕಿದ ಕಥೆ

ಫೆಬ್ರವರಿಯ ಕೊನೆಯ ಶನಿವಾರ. ಟೆಕ್ಸಸ್‌ನ ಆಸ್ಟಿನ್‌ನಿಂದ ಪಶ್ಚಿಮಕ್ಕೆ ಒಂದೂವರೆ ಗಂಟೆ ದೂರದ ರಾಂಚ್ ಒಂದರಲ್ಲಿ ಸ್ಪರ್ಧೆ. ಎದುರಿನ ಗುಡ್ಡದ ಬುಡದಲ್ಲಿ, 480 ಗಜ ದೂರಕ್ಕೆ, ಊಟದ ತಟ್ಟೆಯಷ್ಟಗಲದ ಉಕ್ಕಿನ ಫಲಕ. ಮರದ ಅಡ್ಡಗಟ್ಟೆಯ ಮೇಲೆ ಮರಳಿನ ಚೀಲ, ಚೀಲದ ಮೇಲೆ ನನ್ನ ರೈಫಲ್. 90 ಸೆಕೆಂಡಿನಲ್ಲಿ ಹತ್ತು ಗುಂಡು ಹೊಡೆಯಬೇಕು. ಮೊದಲನೆಯದು ತಾಗಿತು. ಎರಡನೆಯದು ತಾಗಲಿಲ್ಲ. ಎಲ್ಲಿಗೆ ಹೋಯಿತೆಂದು ನೋಡೋಣವೆಂದರೆ ಒದೆತಕ್ಕೆ ನಳಿಕೆ ಮೇಲಕ್ಕೆ ನೆಗೆದು, ರೈಫಲ್ ಮೇಲಿನ ಸ್ಕೋಪಿನೊಳಗೆ ಆಕಾಶ ಕಾಣುತ್ತಿದೆ. ಮತ್ತೆ ಫಲಕವನ್ನು ಹುಡುಕಿ, ಅದೇ ಜಾಗಕ್ಕೆ ಗುರಿಯಿಟ್ಟು ಹೊಡೆದೆ. ಹತ್ತರಲ್ಲಿ ತಾಗಿದ್ದು ನಾಲ್ಕು.

ತೀರ್ಪುಗಾರರು ತಾಗಿತು ಎಂದು ಕೂಗುತ್ತಾರೆಯೇ ಹೊರತು ತಪ್ಪಿದ್ದು ಎತ್ತ ಹೋಯಿತೆಂದು ಹೇಳುವ ಹಾಗಿಲ್ಲ. ನನ್ನ ಸರದಿ ಮುಗಿದ ಮೇಲೆ, ಹಿಂದೆ ದುರ್ಬೀನು ಹಿಡಿದು ಕುಳಿತಿದ್ದವನೊಬ್ಬ ಹೇಳಿದ: ಆರೂ ಗುಂಡು ಎಡಕ್ಕೆ, ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಿದ್ದಿದ್ದವು. ಗಾಳಿ ಬದಲಾಗಿತ್ತು. ಒಂದು ಗುಂಡು ಬಿದ್ದ ಧೂಳನ್ನು ಕಂಡಿದ್ದರೂ ಮುಂದಿನದನ್ನು ಒಂದು ಗೇಣು ಬಲಕ್ಕೆ ಹಿಡಿದು ಉಳಿದ ಐದನ್ನೂ ತಾಗಿಸಬಹುದಿತ್ತು. ಗುರಿ ಕೆಟ್ಟಿರಲಿಲ್ಲ, ನೋಟ ಕೆಟ್ಟಿತ್ತು. ಮನೆಗೆ ಬರುವ ದಾರಿಯಲ್ಲೇ ನಳಿಕೆಯ ತುದಿಗೆ ಒದೆತ ತಗ್ಗಿಸುವ ಮಜಲ್ ಬ್ರೇಕ್ ಹಾಕಿಸುವುದೆಂದು ನಿರ್ಧರಿಸಿದೆ.

ನಾನು ಸಕಲೇಶಪುರದ ಕಡೆಯವನು. ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿ ನಳಿಕೆಯ ತೋಟಾ ಕೋವಿ ಇತ್ತು, ಈಗಲೂ ಇದೆ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಯ್ದು ಠೇವಣಿ ಇಟ್ಟು ಬರುವುದು ಅಪ್ಪನ ಕೆಲಸ. ಹದಿನಾರನೇ ವಯಸ್ಸಿನಲ್ಲಿ ಅದರಿಂದ ಮೊದಲ ಈಡು ಹೊಡೆದಾಗ ಭುಜ ಮೂರು ದಿನ ನೀಲಿಗಟ್ಟಿತ್ತು. ಕೋವಿ ಎಂದರೆ ಒದೆಯುತ್ತದೆ, ಒದೆತವನ್ನು ಸಹಿಸುವವನೇ ಈಡುಗಾರ ಎಂಬ ನಂಬಿಕೆ ನನ್ನ ತಲೆಯಲ್ಲಿ ಕೂತದ್ದು ಅಲ್ಲಿ. ಈ ವಿಷಯವನ್ನು ಫೋನಿನಲ್ಲಿ ಅಪ್ಪನಿಗೆ ಹೇಳಿದಾಗ ಅವರು, "ಏನೋ, ಈಗ ಕೋವಿಗೂ ಬ್ರೇಕ್ ಹಾಕುತ್ತಾರೇನೋ? ಕ್ಲಚ್ ಎಲ್ಲಿದೆ?" ಎಂದು ನಕ್ಕರು.

ಇಲ್ಲಿ ಗ್ರೀನ್ ಕಾರ್ಡ್ ಕೈಸೇರಿದ ಮೇಲೆ ನಾನು ಕೊಂಡ ಮೊದಲ ದುಬಾರಿ ವಸ್ತು ಈ ರೈಫಲ್. ಹಳೆಯದೇ, ಒಬ್ಬರ ಕೈ ದಾಟಿ ಬಂದದ್ದು. 6.5 ಕ್ರೀಡ್‌ಮೋರ್ ಎಂಬ ತೋಟಾದ್ದು, ಬೋಲ್ಟ್ ಎಳೆದು ತೋಟಾ ತುಂಬುವ ಬಗೆ, 26 ಅಂಗುಲದ ದಪ್ಪ ನಳಿಕೆ, ಮರದ ಹಿಡಿಯ ಬದಲು ಅಲ್ಯೂಮಿನಿಯಂ ಚೌಕಟ್ಟು, ಅಂದರೆ ಚಾಸಿ, ಸ್ಕೋಪು ಮತ್ತು ತೂಕದ ಬಿಲ್ಲೆಗಳೂ ಸೇರಿ 9 ಕಿಲೊ. ಹಿಂದಿನ ಮಾಲೀಕರು ನಳಿಕೆಯ ತುದಿಗೆ ಥ್ರೆಡ್ ಹಾಕಿಸಿದ್ದರು: ವ್ಯಾಸ ಅಂಗುಲದ 8ರಲ್ಲಿ 5 ಭಾಗ, ಅಂಗುಲಕ್ಕೆ 24 ಸುತ್ತು. ಇಲ್ಲಿ ಈ ಗಾತ್ರದ ರೈಫಲ್‌ಗಳಿಗೆ ಅದೇ ರೂಢಿ. ಥ್ರೆಡ್ ಕೆಡದಂತೆ ಅದರ ಮೇಲೊಂದು ಮುಚ್ಚಳವಿತ್ತು, ಅಷ್ಟೇ.

ಕೊಳ್ಳುವ ಮೊದಲು ಕರೆಂಟ್ ಬಿಲ್ಲಿನ ಲಕೋಟೆಯ ಹಿಂಬದಿಯಲ್ಲಿ ಒಂದು ಲೆಕ್ಕ ಹಾಕಿದೆ. ಬ್ರೇಕ್ ಮಾರುವವರೆಲ್ಲ ಶೇಕಡಾ ಇಷ್ಟು ಒದೆತ ಕಡಿಮೆ ಎಂದು ದೊಡ್ಡ ದೊಡ್ಡ ಅಂಕಿ ಬರೆಯುತ್ತಾರೆ. ಅದರಲ್ಲಿ ನಿಜವೆಷ್ಟು, ಬಣ್ಣವೆಷ್ಟು ಎಂದು ನೋಡಬೇಕಿತ್ತು.

ನಾನು ಬಳಸುವ ಕಾರ್ಖಾನೆಯ ತೋಟಾದಲ್ಲಿ ಗುಂಡಿನ ತೂಕ 140 ಗ್ರೇನ್, ಅಂದರೆ 9.07 ಗ್ರಾಂ. ವೇಗ ಸೆಕೆಂಡಿಗೆ 826 ಮೀಟರ್. ತೂಕವನ್ನು ಕಿಲೊಗೆ ತಿರುಗಿಸಿ ಇವೆರಡನ್ನು ಗುಣಿಸಿದರೆ 7.5, ಇದು ಗುಂಡಿನ ಸಂವೇಗ. ಆದರೆ ನಳಿಕೆಯಿಂದ ಹೊರಬೀಳುವುದು ಗುಂಡೊಂದೇ ಅಲ್ಲ. ಸುಮಾರು 2.7 ಗ್ರಾಂ ಮದ್ದು ಉರಿದು ಅನಿಲವಾಗಿ ಗುಂಡಿನ ಬೆನ್ನಿಗೇ ನುಗ್ಗಿ ಬರುತ್ತದೆ, ಅದೂ ಗುಂಡಿಗಿಂತ ಜೋರಾಗಿ. ಒದೆತದ ಲೆಕ್ಕದಲ್ಲಿ ಈ ಅನಿಲದ ವೇಗವನ್ನು ಗುಂಡಿನ ವೇಗದ 1.75 ಪಟ್ಟು ಎಂದು ಹಿಡಿಯುವುದು ವಾಡಿಕೆ. ಹಾಗೆ ಹಿಡಿದರೆ ಅನಿಲದ ಪಾಲು 3.9. ಎರಡೂ ಸೇರಿ 11.4. ಒಟ್ಟು ಒದೆತದಲ್ಲಿ ಮೂರನೇ ಒಂದು ಭಾಗ ಬರಿಯ ಗಾಳಿಯದು.

ಬ್ರೇಕ್ ಕೈಹಾಕುವುದು ಈ ಮೂರನೇ ಒಂದಕ್ಕೆ ಮಾತ್ರ. ಗುಂಡು ಹೊರಬಿದ್ದ ಮೇಲೆ ಮುಂದಕ್ಕೆ ನುಗ್ಗುವ ಅನಿಲವನ್ನು ಅದು ಅಡ್ಡಗೋಡೆಗೆ ಬಡಿಸಿ ಎಡಕ್ಕೂ ಬಲಕ್ಕೂ ತಿರುಗಿಸುತ್ತದೆ. ಜರ್ಮನಿಯ ಟೈಗರ್ ಟ್ಯಾಂಕಿನ ಫಿರಂಗಿಯ ತುದಿಯಲ್ಲಿ ಕಾಣುವ ಗಂಟು ಮಾಡುತ್ತಿದ್ದ ಕೆಲಸವೂ ಇದೇ. ಅನಿಲ ಪೂರ್ತಿ ಪಕ್ಕಕ್ಕೆ ಹೋಯಿತೆಂದುಕೊಂಡರೆ ರೈಫಲ್ಲಿಗೆ ಉಳಿಯುವುದು ಗುಂಡಿನ 7.5 ಮಾತ್ರ. ನನ್ನ 9 ಕಿಲೊ ರೈಫಲ್ ಬ್ರೇಕ್ ಇಲ್ಲದೆ ಸೆಕೆಂಡಿಗೆ 1.27 ಮೀಟರ್ ವೇಗದಲ್ಲಿ ಹಿಂದೆ ಬರುತ್ತಿದ್ದರೆ, ಬ್ರೇಕ್ ಇದ್ದಾಗ 0.83 ಮೀಟರ್. ಇಳಿಕೆ ಶೇಕಡಾ 34. ಅದನ್ನೇ ಚಲನಶಕ್ತಿಯಲ್ಲಿ ಹೇಳಿದರೆ 7.2 ಜೂಲ್ ಇದ್ದದ್ದು 3.1ಕ್ಕೆ ಇಳಿಯುತ್ತದೆ, ಶೇಕಡಾ 57 ಕಡಿಮೆ. ಕೆಲಸ ಒಂದೇ, ಅಂಕಿ ಎರಡು. ಜಾಹೀರಾತು ಬರೆಯುವವರು ಯಾವುದನ್ನು ಆರಿಸುತ್ತಾರೆಂದು ಹೇಳಬೇಕಾಗಿಲ್ಲ. ಅನಿಲವನ್ನು ಪಕ್ಕಕ್ಕಷ್ಟೇ ಅಲ್ಲ, ಸ್ವಲ್ಪ ಹಿಂದಕ್ಕೂ ಓರೆಯಾಗಿ ತಿರುಗಿಸಿದರೆ ಅದು ರೈಫಲ್ಲನ್ನು ಮುಂದಕ್ಕೆ ಎಳೆಯುತ್ತದೆ, ಇಳಿಕೆ ಇನ್ನೂ ಹೆಚ್ಚು. ಆದರೆ ಹಿಂದೆ ಇರುವುದು ಹೊಡೆಯುವವನ ಮುಖ. ಈ ಮಾತು ಮುಂದೆ ಬರುತ್ತದೆ.

ಎಲ್ಲ ಸ್ಪರ್ಧೆಯಲ್ಲೂ ಇದಕ್ಕೆ ಅವಕಾಶವಿಲ್ಲ. ನಮ್ಮ ಊರಿನಲ್ಲಿ ಶೂಟಿಂಗ್ ಎಂದರೆ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ, 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ತಂದ ಸ್ವಪ್ನಿಲ್ ಕುಸಾಳೆ ನೆನಪಾಗುತ್ತಾರೆ. ಒಲಿಂಪಿಕ್ಸ್‌ನ ಆ ಏರ್ ರೈಫಲ್, ಪಾಯಿಂಟ್ 22 ರೈಫಲ್ ಸ್ಪರ್ಧೆಗಳಲ್ಲಿ ಬ್ರೇಕ್ ನಿಷಿದ್ಧ. ಅಲ್ಲಿ ಒದೆತವೂ ಲೆಕ್ಕಕ್ಕಿಲ್ಲ ಎನ್ನುವಷ್ಟು ಕಡಿಮೆ. ಮಲಗಿ ದೂರದ ಕಾಗದಕ್ಕೆ ಹೊಡೆಯುವ ಎಫ್-ಕ್ಲಾಸ್‌ನಲ್ಲೂ ಬ್ರೇಕ್ ಬಿಡುವುದಿಲ್ಲ, ಏಕೆಂದರೆ ಅಲ್ಲಿ ಸ್ಪರ್ಧಿಗಳು ಪಕ್ಕಪಕ್ಕದಲ್ಲೇ ಸಾಲಾಗಿ ಮಲಗಿರುತ್ತಾರೆ. ನಾನು ಹೋಗುವುದು 2012ರಲ್ಲಿ ಶುರುವಾದ ಪ್ರಿಸಿಶನ್ ರೈಫಲ್ ಸೀರೀಸ್ ಮಾದರಿಯ ಸ್ಪರ್ಧೆಗೆ. ಅಡ್ಡಗಟ್ಟೆ, ಬಂಡೆ, ಟ್ರ್ಯಾಕ್ಟರ್ ಟೈರು, ಏಣಿ, ಹೀಗೆ ಯಾವುದರ ಮೇಲೋ ರೈಫಲ್ ಊರಿ ಒಬ್ಬೊಬ್ಬರೇ ಹೊಡೆಯುವ ಆಟ. ಇಲ್ಲಿ ಬ್ರೇಕ್ ಇಲ್ಲದವರೇ ಅಪರೂಪ. ಸೈಲೆನ್ಸರ್ ಹಾಕುವವರೂ ಇದ್ದಾರೆ. ಅದಕ್ಕೆ ಫೆಡರಲ್ ಸರ್ಕಾರದ ನೋಂದಣಿ ಬೇಕು. ಅರ್ಜಿ, ಬೆರಳಚ್ಚು, ಕಾಯುವಿಕೆ ಎಲ್ಲ ವೀಸಾ ಕಾಲದಲ್ಲಿ ಸಾಕಷ್ಟು ಆಗಿದೆ ನನಗೆ. ಬ್ರೇಕ್‌ಗೆ ಅದೇನೂ ಬೇಡ.

ಮೊದಲ ತಪ್ಪು ಮಾಡಿದ್ದು ಮಾರ್ಚ್ ಮೊದಲ ವಾರದಲ್ಲಿ. ಅಂತರ್ಜಾಲದಲ್ಲಿ 35 ಡಾಲರಿಗೆ ಒಂದು ಬ್ರೇಕ್ ಕಂಡಿತು, ತರಿಸಿದೆ. ಕೊಳವೆಯ ಸುತ್ತಲೂ ತೂತುಗಳಿರುವ ಬಗೆ. ಪಾಯಿಂಟ್ 30 ಗಾತ್ರದ ಗುಂಡಿಗೆಂದು ಮಾಡಿದ್ದು, ಹೊರಬಾಯಿಯ ತೂತು 8.3 ಮಿಲಿಮೀಟರ್. ನನ್ನ ಗುಂಡಿನ ವ್ಯಾಸ 6.71. ಚಿಕ್ಕ ಗುಂಡು ದೊಡ್ಡ ತೂತಿನಲ್ಲಿ ಹಾಯಾಗಿ ಹೋಗುತ್ತದೆ ಎಂದುಕೊಂಡೆ. ಹೋಗುತ್ತದೆ, ಜೊತೆಗೆ ಅನಿಲವೂ ಹಾಯಾಗಿ ಮುಂದಕ್ಕೇ ಹೋಗುತ್ತದೆ. ತಿರುಗಿಸಬೇಕಾದದ್ದನ್ನು ಬಾಗಿಲು ತೆರೆದು ಕಳಿಸಿಕೊಟ್ಟ ಹಾಗೆ. ಜೊತೆಗೆ ಬಂದಿದ್ದ ಕ್ರಷ್ ವಾಷರ್ ಹಾಕಿ ಬಿಗಿದೆ. ಈ ವಾಷರ್ ಬಿಗಿದಂತೆಲ್ಲ ನಜ್ಜಾಗುತ್ತ, ಬ್ರೇಕ್ ಬೇಕಾದ ಕೋನದಲ್ಲಿ ನಿಲ್ಲಲು ಅವಕಾಶ ಕೊಡುತ್ತದೆ. ಸಿಪಾಯಿಯ ರೈಫಲ್ಲಿಗೆ ಅದು ಸರಿ. ಸ್ಪರ್ಧೆಯ ರೈಫಲ್ಲಿಗೆ ಸರಿಯಲ್ಲ, ಏಕೆಂದರೆ ವಾಷರ್ ಎಲ್ಲ ಕಡೆಗೂ ಒಂದೇ ಸಮನಾಗಿ ನಜ್ಜಾಗುತ್ತದೆಂಬ ಖಾತರಿಯಿಲ್ಲ.

100 ಗಜದಲ್ಲಿ ಐದು ಗುಂಡು ಹೊಡೆದರೆ ಮೊದಲು 0.6 ಅಂಗುಲದೊಳಗೆ ಬೀಳುತ್ತಿದ್ದವು. ಈಗ 1.6 ಅಂಗುಲ. ಇನ್ನೈದು ಹೊಡೆದೆ, ಅಷ್ಟೇ. ಬ್ರೇಕ್ ಕಳಚಿ ಮುಚ್ಚಳ ಹಾಕಿ ಹೊಡೆದೆ, ಮತ್ತೆ 0.6. ಕಳ್ಳ ಯಾರೆಂದು ಗೊತ್ತಾಯಿತು, ಅಥವಾ ಗೊತ್ತಾಯಿತೆಂದುಕೊಂಡೆ.

ಬ್ರೇಕ್ ಹಾಕುವ ಮೊದಲೇ ಕೊಳ್ಳಬೇಕಿದ್ದ ವಸ್ತುವನ್ನು ಆಗ ಕೊಂಡೆ: ನಳಿಕೆಯ ಒಳಗೆ ಬಿಗಿಯಾಗಿ ಕೂರುವಂತೆ ಸಾಣೆ ಹಿಡಿದ ನೇರ ಉಕ್ಕಿನ ಸರಳು. ಬೋಲ್ಟ್ ತೆಗೆದು, ತೋಟಾ ಇಲ್ಲವೆಂದು ಎರಡು ಸಲ ನೋಡಿಕೊಂಡು, ಸರಳನ್ನು ಬಾಯಿಯ ಕಡೆಯಿಂದ ತೂರಿಸಿ, ಬ್ರೇಕಿನ ಹೊರಬಾಯಿಯಲ್ಲಿ ಇಣುಕಿ ನೋಡಬೇಕು. ಸರಳಿನ ಸುತ್ತ ಕಾಣುವ ಸಂದು ಹುಣ್ಣಿಮೆ ಚಂದ್ರನ ಪರಿವೇಷದಂತೆ ಸಮನಾಗಿರಬೇಕು. ನನಗೆ ಕಂಡದ್ದು ಬಿದಿಗೆ ಚಂದ್ರ. ಸರಳು ಬಲಗಡೆ ಕೆಳಕ್ಕೆ ವಾಲಿತ್ತು. ವಾಷರ್ ತೆಗೆದು ಕೈಯಲ್ಲೇ ಬಿಗಿದು ನೋಡಿದೆ, ವಾಲು ಕಡಿಮೆಯಾಯಿತು, ಹೋಗಲಿಲ್ಲ. ಡಲ್ಲಾಸ್‌ನಲ್ಲಿರುವ ಬಳ್ಳಾರಿಯ ಗೆಳೆಯನೊಬ್ಬ ತನ್ನ ಹಳೆಯ ರೈಫಲ್ಲಿನ ಬ್ರೇಕನ್ನು ಪರೀಕ್ಷೆಗೆಂದು ಕೊಟ್ಟಿದ್ದ. ಅದನ್ನು ತಿರುಗಿಸಿ ನೋಡಿದರೆ ಅಲ್ಲೂ ಅದೇ ದಿಕ್ಕಿಗೆ ವಾಲು. ಎರಡು ಬೇರೆ ಬೇರೆ ಬ್ರೇಕ್ ಒಂದೇ ಕಡೆಗೆ ವಾಲಿದರೆ ತಪ್ಪು ಬ್ರೇಕಿನದಲ್ಲ, ನಳಿಕೆಯದು.

ಪದವಿ ಮುಗಿಸಿದ ಮೇಲೆ ಎರಡು ವರ್ಷ ನಾನು ಬೆಂಗಳೂರಿನ ಪೀಣ್ಯದಲ್ಲಿ ಒಂದು ಲೇತ್ ಶಾಪಿನಲ್ಲಿ ಕೆಲಸ ಮಾಡಿದ್ದೆ. ಅಲ್ಲಿನ ಹಿರಿಯ ಟರ್ನರ್ ಹೇಳುತ್ತಿದ್ದುದು: ಕೊಳವೆಯ ಹೊರಮೈಯನ್ನು ನಂಬಬೇಡ, ತೂತನ್ನು ನಂಬು. ರೈಫಲ್ಲಿನ ನಳಿಕೆಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಒಳಗಿನ ತೂತು ಹೊರಮೈಗೆ ಸಮಕೇಂದ್ರವಾಗಿರುವುದು ಅಪರೂಪ. ಹೊರಮೈಯನ್ನು ಲೇತಿನ ಹಿಡಿಕೆಯಾದ ಮೂರು ದವಡೆಯ ಚಕ್ಕಿನಲ್ಲಿ ಹಿಡಿದು ಥ್ರೆಡ್ ಹಾಕಿದವನು ಬೇಗ ಮನೆಗೆ ಹೋಗುತ್ತಾನೆ, ಅವನ ಬ್ರೇಕ್ ವಾಲುತ್ತದೆ.

ನನ್ನ ಬಳಿ ಲೇತ್ ಇಲ್ಲ. ನಲವತ್ತು ಮೈಲಿ ದೂರದ ಒಬ್ಬ ವೃದ್ಧ ಗನ್‌ಸ್ಮಿತ್ ಬಳಿ ರೈಫಲ್ ಒಯ್ದೆ. ಪಕ್ಕದಲ್ಲಿ ನಿಂತು ನೋಡಬಹುದೇ ಎಂದು ಕೇಳಿದ್ದಕ್ಕೆ, ಮಾತಾಡದಿದ್ದರೆ ನೋಡಬಹುದು ಎಂದರು. ನಳಿಕೆಯನ್ನು ಕಳಚಿ, ಲೇತಿನ ತಲೆಯೊಳಗಿನಿಂದ ತೂರಿಸಿ, ನಾಲ್ಕು ದವಡೆಯ ಚಕ್ಕಿನಲ್ಲಿ ಹಿಡಿದು, ತೂತಿನೊಳಗೆ ಸರಳು ಕೂರಿಸಿ, ಆ ಸರಳಿನ ಮೇಲೆ ಡಯಲ್ ಗೇಜ್ ಇಟ್ಟರು. ಒಂದು ದವಡೆ ಸಡಿಲಿಸುವುದು, ಎದುರಿನದನ್ನು ಬಿಗಿಯುವುದು, ಕೈಯಲ್ಲಿ ಒಂದು ಸುತ್ತು ತಿರುಗಿಸಿ ಮುಳ್ಳು ನೋಡುವುದು. ಅಂಗುಲದ ಹತ್ತು ಸಾವಿರದಲ್ಲಿ ಐದು ಭಾಗದೊಳಕ್ಕೆ ಮುಳ್ಳು ನಿಲ್ಲುವವರೆಗೆ, ಸುಮಾರು ಒಂದು ಗಂಟೆ, ಅವರೂ ಮಾತಾಡಲಿಲ್ಲ.

ಆಮೇಲೆ ನಿಜ ಸಂಗತಿ ಹೊರಬಿತ್ತು. ಥ್ರೆಡ್ ಸರಿಯಾಗಿಯೇ ಇತ್ತು. ಥ್ರೆಡ್ ಮುಗಿದು ನಳಿಕೆ ದಪ್ಪವಾಗುವ ಮೆಟ್ಟಿಲು, ಬ್ರೇಕ್ ಬಂದು ಒರಗುವ ಜಾಗ, ಇಲ್ಲಿಯವರು ಅದನ್ನು ಭುಜ ಎನ್ನುತ್ತಾರೆ, ಅದು ಓರೆಯಾಗಿತ್ತು. ಒಂದು ಬದಿಗಿಂತ ಇನ್ನೊಂದು ಬದಿ 0.075 ಮಿಲಿಮೀಟರ್ ಎತ್ತರ. ತಲೆಗೂದಲಿನಷ್ಟು, ಅಷ್ಟೇ. ಮನೆಗೆ ಬಂದು ಲೆಕ್ಕ ಹಾಕಿದಾಗ ಬೆವರು ಬಂತು. ಭುಜದ ವ್ಯಾಸ 22 ಮಿಲಿಮೀಟರ್, ಬ್ರೇಕಿನ ಉದ್ದ 70. ಬುಡದಲ್ಲಿ ಕೂದಲಿನಷ್ಟು ಓರೆ, ತುದಿ ತಲುಪುವಷ್ಟರಲ್ಲಿ 0.24 ಮಿಲಿಮೀಟರ್ ಆಗುತ್ತದೆ. ಗೆಳೆಯನ ಬ್ರೇಕಿನ ಬಾಯಿ 7.3 ಮಿಲಿಮೀಟರ್, ಗುಂಡು 6.71. ಸುತ್ತ ಉಳಿಯುವ ಸಂದು ಸರಿಯಾಗಿ ಕೂತಾಗಲೂ 0.3 ಮಾತ್ರ. ಸರಳು ಹಾಕಿ ನೋಡದೆ ಅದನ್ನೇ ಬಿಗಿದು ಹೊಡೆದಿದ್ದರೆ ಸೆಕೆಂಡಿಗೆ 826 ಮೀಟರ್ ವೇಗದ ಗುಂಡು ಉಕ್ಕಿನ ಅಂಚನ್ನು 0.06 ಮಿಲಿಮೀಟರ್ ಅಂತರದಲ್ಲಿ ಸವರಿಕೊಂಡು ಹೋಗುತ್ತಿತ್ತು. ಥ್ರೆಡ್ಡಿನ ಸಡಿಲವನ್ನೂ ಸೇರಿಸಿದರೆ ಆ ಅಂತರವೂ ಉಳಿಯುತ್ತಿರಲಿಲ್ಲವೇನೋ. ಅಗ್ಗದ ಬ್ರೇಕಿನ ದೊಡ್ಡ ಬಾಯಿ ನನ್ನನ್ನು ಕಾಪಾಡಿತ್ತು. ಬೈದದ್ದಕ್ಕೆ ಅದರ ಕ್ಷಮೆ ಕೇಳಿಕೊಂಡೆ.

ಭುಜವನ್ನು ತೂತಿಗೆ ಲಂಬವಾಗಿ ಸವರಲು ಅವರಿಗೆ ಬೇಕಾದದ್ದು ಐದು ನಿಮಿಷ. ಕೂಲಿ 90 ಡಾಲರ್. ಹೊಂದಿಸಿದ ಒಂದು ಗಂಟೆಗೆ ಕೊಟ್ಟ ದುಡ್ಡು ಅದು.

ಈಗ ಬ್ರೇಕುಗಳ ಪರೀಕ್ಷೆ. ಗೆಳೆಯನದು ದೈತ್ಯ: ಪಕ್ಕಕ್ಕೆ ನಾಲ್ಕು ದೊಡ್ಡ ಕಿಟಕಿ, ನಾಲ್ಕೂ ಹಿಂದಕ್ಕೆ ಓರೆ, ನೋಡಿದರೆ ಮೀನಿನ ಕಿವಿರಿನ ಹಾಗೆ. ಇನ್ನೊಂದು ನಾನೇ ಕೊಂಡದ್ದು, 180 ಡಾಲರ್. ಮೂರು ಕಿಟಕಿ, ಓರೆಯಿಲ್ಲದೆ ನೇರ ಪಕ್ಕಕ್ಕೆ ತೆರೆದವು, ನೆತ್ತಿಯ ಮೇಲೆ ಪುಟ್ಟ ತಿರುಪುಗಳಿಂದ ಮುಚ್ಚಿದ ಮೂರು ತೂತು. "ಮೂರು ಕಿಟಕಿಯ ಕಬ್ಬಿಣದ ತುಂಡಿಗೆ 180 ಡಾಲರೇ? ಆ ದುಡ್ಡಿಗೆ ಅಡುಗೆಮನೆಗೆ ಚಿಮಣಿ ಬರುತ್ತಿತ್ತು" ಎಂದಳು ಹೆಂಡತಿ. ಇದೂ ಚಿಮಣಿಯೇ ಎಂದು ಹೇಳುವ ಧೈರ್ಯ ಬರಲಿಲ್ಲ.

ಅಳತೆಗೆ ದೊಡ್ಡ ಉಪಕರಣವೇನೂ ಇರಲಿಲ್ಲ. ಬೆಂಚಿನ ಮೇಲೆ ಚೀಲ, ಚೀಲದ ಮೇಲೆ ರೈಫಲ್, ರೈಫಲ್ಲಿನ ಪಕ್ಕದಲ್ಲಿ ಅಂಟಿಸಿದ ಸ್ಟೀಲ್ ಅಳತೆಪಟ್ಟಿ, ಸೆಕೆಂಡಿಗೆ 240 ಚಿತ್ರ ಹಿಡಿಯುವ ಮೊಬೈಲ್. ಒಂದೊಂದಕ್ಕೂ ಹತ್ತು ಗುಂಡು. ಬ್ರೇಕ್ ಇಲ್ಲದೆ ರೈಫಲ್ ಸರಾಸರಿ 28 ಮಿಲಿಮೀಟರ್ ಹಿಂದೆ ಸರಿಯಿತು. ಮೂರು ಕಿಟಕಿಯದರಲ್ಲಿ 12, ದೈತ್ಯನಲ್ಲಿ 8. ಚೀಲದ ಘರ್ಷಣೆ ಒಂದೇ ಸಮನಾಗಿದ್ದರೆ ಸರಿಯುವ ದೂರ ಚಲನಶಕ್ತಿಯ ಅನುಪಾತದಲ್ಲಿರಬೇಕು. 28ರ ಶೇಕಡಾ 43 ಎಂದರೆ ಸರಿಯಾಗಿ 12. ಲಕೋಟೆಯ ಲೆಕ್ಕ ಇಷ್ಟು ಚೆನ್ನಾಗಿ ಕೂತದ್ದು ನೋಡಿ ನನಗೇ ಅನುಮಾನ ಬಂತು. ಹಿಂದೆ ನನ್ನ ಭುಜವೂ ತಡೆಯುತ್ತಿತ್ತಲ್ಲ, ಅದನ್ನು ಲೆಕ್ಕಕ್ಕೆ ಹಿಡಿದೇ ಇಲ್ಲ. ಸ್ವಲ್ಪ ಅದೃಷ್ಟವೆಂದು ಇಟ್ಟುಕೊಳ್ಳೋಣ. ಎರಡರಲ್ಲೂ ಐದು ಗುಂಡಿನ ಗುಂಪು ಮತ್ತೆ 0.6 ಅಂಗುಲಕ್ಕೆ ಬಂದಿತ್ತು. ಗುಂಡಿನ ವೇಗ ಬದಲಾಗಲಿಲ್ಲ, ಬದಲಾಗಲು ಕಾರಣವೂ ಇಲ್ಲ. ಗುಂಡು ಬೀಳುವ ಜಾಗ ಮಾತ್ರ ಒಂದೊಂದು ಬ್ರೇಕಿಗೂ ಸ್ವಲ್ಪ ಸರಿಯಿತು. ತುದಿಯಲ್ಲಿ ತೂಕ ಬದಲಾದರೆ ನಳಿಕೆ ನಡುಗುವ ರೀತಿಯೂ ಬದಲಾಗುತ್ತದೆ. ಸ್ಕೋಪನ್ನು ಮತ್ತೆ ಹೊಂದಿಸಿಕೊಳ್ಳಬೇಕು, ಅಷ್ಟೇ.

ಅಂಕಿಯನ್ನು ನಂಬಿದ್ದರೆ ದೈತ್ಯನೇ ಗೆದ್ದಂತೆ. ಗೆಳೆಯನಿಗೆ ಫೋನ್ ಮಾಡಿ ಬೆಲೆಯನ್ನೂ ಕೇಳಿದ್ದೆ. ಆದರೆ ಮರುವಾರ ಅಡ್ಡಗಟ್ಟೆಯ ಮೇಲಿಟ್ಟು 480 ಗಜದ ಫಲಕಕ್ಕೆ ಹೊಡೆದಾಗ ವಿಚಿತ್ರ ಕಂಡಿತು. ಆ ದೂರಕ್ಕೆ ಗುಂಡು ತಲುಪಲು ಸುಮಾರು 0.6 ಸೆಕೆಂಡು ಬೇಕು. ಅಷ್ಟರೊಳಗೆ ರೈಫಲ್ ನೆಲೆಗೆ ಬಂದು, ಸ್ಕೋಪಿನಲ್ಲಿ ಫಲಕ ಕಂಡು, ಕಣ್ಣು ಅದನ್ನು ನೋಡಬೇಕು. ದೈತ್ಯನಲ್ಲಿ ರೈಫಲ್ ಅಲುಗಾಡಿದ್ದೇ ಇಲ್ಲ ಎನ್ನುವಷ್ಟು ಕಡಿಮೆ, ಆದರೂ ಗುಂಡು ಬಿದ್ದದ್ದು ನನಗೆ ಕಾಣುತ್ತಿರಲಿಲ್ಲ. ಹತ್ತರಲ್ಲಿ ಮೂರು ಸಲ ಕಂಡಿರಬಹುದು. ಮೂರು ಕಿಟಕಿಯದರಲ್ಲಿ ಹತ್ತರಲ್ಲಿ ಏಳು. ಹೆಚ್ಚು ಅಲುಗಾಡುವ ರೈಫಲ್ಲಿನಲ್ಲಿ ಹೆಚ್ಚು ಕಾಣುವುದೆಂದರೇನು?

ಉತ್ತರ ಕೊಟ್ಟದ್ದು ಹೆಂಡತಿ. ಮೊಬೈಲನ್ನು ಈ ಸಲ ನನ್ನ ಮುಖದ ಕಡೆಗೆ ತಿರುಗಿಸಿ ಇಟ್ಟಿದ್ದೆ. ಸಂಜೆ ಆ ದೃಶ್ಯಗಳನ್ನು ನಿಧಾನಗತಿಯಲ್ಲಿ ನೋಡುತ್ತಿದ್ದಾಗ ಅವಳು ಹಿಂದಿನಿಂದ ಇಣುಕಿ, "ಇದೇನು, ನೀವು ಕಣ್ಣು ಮುಚ್ಚಿಕೊಂಡು ಹೊಡೆಯುತ್ತೀರಾ?" ಎಂದಳು. ನಿಜ. ದೈತ್ಯನ ಓರೆ ಕಿಟಕಿಗಳಿಂದ ಹಿಂದಕ್ಕೆ ಬರುವ ಅನಿಲದ ಹೊಡೆತ ಕೆನ್ನೆಗೆ ತಪರಾಕಿ ಕೊಟ್ಟಂತೆ ಬಡಿಯುತ್ತಿತ್ತು. ಮೂರನೇ ಗುಂಡಿನಿಂದ ಮುಂದೆ ಟ್ರಿಗರ್ ಒತ್ತುವ ಕ್ಷಣಕ್ಕೆ ರೆಪ್ಪೆ ತಾನಾಗಿಯೇ ಮುಚ್ಚುತ್ತಿತ್ತು. ಮುಚ್ಚಿದ ರೆಪ್ಪೆ ತೆರೆಯುವಷ್ಟರಲ್ಲಿ ಫಲಕದ ಬಳಿಯ ಧೂಳು ಗಾಳಿಗೆ ಚದುರಿರುತ್ತಿತ್ತು. ಪೂರ್ತಿ ಮುಚ್ಚಿಕೊಂಡ ಕಣ್ಣಿಗೆ ರೈಫಲ್ 8 ಮಿಲಿಮೀಟರ್ ಸರಿದರೇನು, 80 ಸರಿದರೇನು. ಅದೇ ಬ್ರೇಕ್ ಹಾಕಿ ಕಣ್ಣು ತೆರೆದು ಹೊಡೆಯುವ ಎಷ್ಟೋ ಜನರಿದ್ದಾರೆ, ಅವರ ಸ್ವಭಾವ ಗಟ್ಟಿ. ಅಜ್ಜನ ಕಾಲದ ಕೇಪಿನ ಕೋವಿಯ ಕಿಡಿ ಮುಖಕ್ಕೆ ಹಾರಿದ ಕಥೆ ಕೇಳಿ ಬೆಳೆದವನು ನಾನು. ದೈತ್ಯನನ್ನು ವಾಪಸ್ ಕೊಟ್ಟೆ, ಜೊತೆಗೆ ಒಂದು ಪ್ಯಾಕೆಟ್ ಕಾಫಿಪುಡಿ.

ಮೂರು ಕಿಟಕಿಯದನ್ನು ಕಾಯಂ ಆಗಿ ಕೂರಿಸಿದ್ದು ಏಪ್ರಿಲ್ ಮಧ್ಯದಲ್ಲಿ. ಇದಕ್ಕೆ ವಾಷರ್ ಇಲ್ಲ, ಹಿಂಬದಿಯಲ್ಲಿ ಒಂದು ಲಾಕ್ ನಟ್ ಇದೆ. ಭುಜ ಮತ್ತು ಥ್ರೆಡ್ಡನ್ನು ಸಾಲ್ವೆಂಟ್‌ನಿಂದ ಒರೆಸಿ ಒಣಗಿಸಿ, ಬ್ರೇಕನ್ನು ತಿರುಗಿಸುತ್ತ ಹೋಗಿ, ಕಿಟಕಿಗಳು ಎರಡೂ ಕಡೆ ನೆಲಕ್ಕೆ ಸಮಾನಾಂತರ ಬಂದಾಗ ನಟ್ಟನ್ನು ಭುಜಕ್ಕೆ ಬಿಗಿಯಬೇಕು. ಸಮಾನಾಂತರ ಎಂಬುದನ್ನು ಕಣ್ಣಳತೆಗೆ ಬಿಡಬಾರದು. ಒಂದು ಬದಿ ಸ್ವಲ್ಪ ಮೇಲೆ, ಇನ್ನೊಂದು ಕೆಳಗೆ ಇದ್ದರೆ ಅನಿಲವೇ ರೈಫಲ್ಲನ್ನು ತಿರುಚುತ್ತದೆ. ಸ್ಕೋಪು ಕೂರುವ ಹಳಿಯ ಮೇಲೆ ಒಂದು ಮಟ್ಟಗೋಲು, ಬ್ರೇಕಿನ ಚಪ್ಪಟೆ ನೆತ್ತಿಯ ಮೇಲೆ ಇನ್ನೊಂದು, ಎರಡರ ಗುಳ್ಳೆಯೂ ನಡುವೆ ಬಂದ ಮೇಲೆ ಬಿಗಿದೆ. ನಟ್ ಬಿಗಿಯುವಾಗ ಬ್ರೇಕ್ ತಾನೂ ಒಂದಿಷ್ಟು ತಿರುಗುತ್ತದೆ, ಆದ್ದರಿಂದ ಅಷ್ಟನ್ನು ಮೊದಲೇ ಹಿಂದಕ್ಕೆ ಬಿಟ್ಟುಕೊಳ್ಳಬೇಕು. ಮೂರನೇ ಪ್ರಯತ್ನಕ್ಕೆ ಕೂತಿತು. ತಯಾರಕರು ಹೇಳಿದ ಬಿಗಿ 20 ಅಡಿ-ಪೌಂಡ್, ಸುಮಾರು 27 ನ್ಯೂಟನ್ ಮೀಟರ್. ಬಿಗಿಯುವಾಗ ನಳಿಕೆಯನ್ನೇ ಕಟ್ಟಿಗೆಯ ದವಡೆಗಳ ನಡುವೆ ವೈಸಿನಲ್ಲಿ ಹಿಡಿಯಬೇಕು. ಹಿಂದೆ ಬೋಲ್ಟ್ ಕೂರುವ ಆಕ್ಷನ್ ಭಾಗವನ್ನೋ ಚಾಸಿಯನ್ನೋ ಹಿಡಿದು ಮುಂದೆ ಬಿಗಿದರೆ ನಳಿಕೆಯೇ ತನ್ನ ಜಾಗದಲ್ಲಿ ತಿರುಗಿಬಿಡಬಹುದು. ಬಿಗಿದ ಮೇಲೆ ಮತ್ತೆ ಸರಳು ತೂರಿಸಿದೆ. ಈ ಸಲ ಹುಣ್ಣಿಮೆ. ಮೊದಲ ಐದು ಗುಂಡನ್ನು 25 ಗಜದ ರಟ್ಟಿಗೆ ಹೊಡೆದು ತೂತುಗಳು ದುಂಡಗಿವೆಯೇ, ಅಡ್ಡಬಿದ್ದಿವೆಯೇ ಎಂದು ನೋಡಿ, ಬ್ರೇಕಿನ ಒಳ ಅಂಚುಗಳಲ್ಲಿ ತಾಮ್ರದ ಗೆರೆ ಇಲ್ಲವೆಂದು ಟಾರ್ಚ್ ಹಾಕಿ ಖಾತ್ರಿ ಮಾಡಿಕೊಂಡೆ.

ನೆತ್ತಿಯ ತಿರುಪುಗಳ ಕೆಲಸ ಬೇರೆ. ಹೊಡೆದಾಗ ನಳಿಕೆಯ ಬಾಯಿ ಮೇಲಕ್ಕೆ ನೆಗೆಯುತ್ತದೆ. ತಿರುಪು ತೆಗೆದ ತೂತಿನಿಂದ ಸ್ವಲ್ಪ ಅನಿಲ ಮೇಲಕ್ಕೆ ಚಿಮ್ಮಿ ಬಾಯಿಯನ್ನು ಕೆಳಕ್ಕೆ ಒತ್ತುತ್ತದೆ. ಮೂರೂ ಮುಚ್ಚಿದ್ದಾಗ ಸ್ಕೋಪಿನ ಗುರಿಗೆರೆ ಫಲಕದಿಂದ ಮೇಲಕ್ಕೆ ಹೋಗಿ ನಿಲ್ಲುತ್ತಿತ್ತು. ಒಂದನ್ನು ತೆಗೆದೆ, ಹಾರಿಕೆ ಅರ್ಧವಾಯಿತು. ಎರಡನ್ನು ತೆಗೆದೆ, ಎದ್ದ ಗೆರೆ ಬಂದು ಫಲಕದ ಮೇಲೆಯೇ ಕೂತಿತು. ಮೂರನ್ನೂ ತೆಗೆದರೆ ಗೆರೆ ಫಲಕಕ್ಕಿಂತ ಕೆಳಗೆ ಮುಳುಗುತ್ತಿತ್ತು. ಎರಡಕ್ಕೆ ನಿಲ್ಲಿಸಿದೆ. ಗೆರೆ ಪಕ್ಕಕ್ಕೆ ಜರುಗುವುದು ಮಾತ್ರ ಯಾವುದರಿಂದಲೂ ಹೋಗಲಿಲ್ಲ. ಅದು ಬ್ರೇಕಿನ ಪಾಲಿನ ಕೆಲಸವಲ್ಲ, ರೈಫಲ್ಲಿನ ಹಿಂದೆ ಓರೆಯಾಗಿ ನಿಲ್ಲುವ ನನ್ನ ಮೈಯದು. ಎದೆಯನ್ನು ಫಲಕಕ್ಕೆ ನೇರವಾಗಿ ತಿರುಗಿಸಿ ನಿಂತದ್ದೇ ಸರಿಹೋಯಿತು, ಖರ್ಚಿಲ್ಲದೆ. ಖರ್ಚಿಲ್ಲದ ಇನ್ನೊಂದು ಉಪಾಯ: ಸ್ಕೋಪನ್ನು 22 ಪಟ್ಟಿನಿಂದ 14 ಪಟ್ಟಿಗೆ ಇಳಿಸಿದೆ. ಚಿತ್ರ ಚಿಕ್ಕದಾಯಿತು, ನೋಟ ಅಗಲವಾಯಿತು. ಇವೆರಡನ್ನೂ ಫೆಬ್ರವರಿಯಲ್ಲೇ ಮಾಡಿದ್ದರೆ ಬ್ರೇಕಿನ ಅರ್ಧ ಪ್ರಯೋಜನ ಪುಕ್ಕಟೆ ಸಿಗುತ್ತಿತ್ತು. ಹೆಂಡತಿಗೆ ಇದನ್ನು ಇನ್ನೂ ಹೇಳಿಲ್ಲ.

ಉಳಿದ ಒಂದು ತಿರುಪು ಎರಡನೇ ಅಭ್ಯಾಸದ ದಿನ ಎಲ್ಲಿಗೋ ಹಾರಿಹೋಯಿತು. ನೀಲಿ ಥ್ರೆಡ್‌ಲಾಕರ್ ಹಾಕಿದ್ದೆ, ಅದು ಬಿಸಿಗೆ ಮೆತ್ತಗಾಗುತ್ತದೆ, ಮತ್ತು ಸಾಲಾಗಿ ಹತ್ತು ಗುಂಡು ಹೊಡೆದ ಮೇಲೆ ಬ್ರೇಕನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಇಂಥ ಜಾಗಕ್ಕೆ ರಾಕ್‌ಸೆಟ್ ಎಂಬ, ಬಿಸಿಗೆ ಜಗ್ಗದ ಅಂಟು ಬೇಕು. ಬೇಡವಾದಾಗ ನೀರಿನಲ್ಲಿ ನೆನೆಸಿಟ್ಟರೆ ಬಿಡುತ್ತದೆ. ಹೊಸ ತಿರುಪನ್ನು ಅದರಿಂದಲೇ ಕೂರಿಸಿದೆ.

ಸದ್ದಿನ ಬಗ್ಗೆ ತಮಾಷೆ ಮಾಡುವಂತಿಲ್ಲ. ರೈಫಲ್ಲಿನ ಸದ್ದು ಹೇಗೂ ಕಿವಿಗೆ ಅಪಾಯದ ಗೆರೆಯಾದ 140 ಡೆಸಿಬಲ್ ದಾಟಿರುತ್ತದೆ. ಬ್ರೇಕ್ ಅದನ್ನು ಹೊಡೆಯುವವನ ಮತ್ತು ಪಕ್ಕದವರ ಕಡೆಗೆ ತಿರುಗಿಸಿ ಇನ್ನಷ್ಟು ಹೆಚ್ಚಿಸುತ್ತದೆ. ಕಿವಿಯೊಳಗೆ ಸ್ಪಂಜಿನ ಬಿರಡೆ, ಅದರ ಮೇಲೆ ಮಫ್, ಎರಡೂ ಇಲ್ಲದೆ ನಾನು ಈಗ ಹೊಡೆಯುವುದಿಲ್ಲ. ಶನಿವಾರದ ಬೆಂಚುಗಳಲ್ಲಿ ಪಕ್ಕದವರು ಬ್ರೇಕ್ ನೋಡಿದ ಕೂಡಲೇ ಚೀಲ ಎತ್ತಿಕೊಂಡು ಎರಡು ಬೆಂಚು ದೂರ ಹೋಗುತ್ತಾರೆ. ಅವರನ್ನು ದೂರುವ ಹಾಗಿಲ್ಲ. ಈಗ ನಾನೇ ಮೊದಲು ಸಾಲಿನ ಕೊನೆಯ ಬೆಂಚಿಗೆ ಹೋಗುತ್ತೇನೆ. ಮಲಗಿ ಹೊಡೆಯುವಾಗ ಬೇರೊಂದು ಕಾಟ: ಇಲ್ಲಿನ ನೆಲ ಕಾಲಿಚೆ ಎಂಬ ಬಿಳಿ ಸುಣ್ಣದ ಮಣ್ಣು, ಪಕ್ಕದ ಕಿಟಕಿಯಿಂದ ಬಂದ ಗಾಳಿ ಅದನ್ನು ಎಬ್ಬಿಸಿ ಎದುರಿಗೆ ಪರದೆ ಕಟ್ಟುತ್ತದೆ. ನಳಿಕೆಯ ಬಾಯಿಯ ಕೆಳಗೆ ಹಳೆಯ ಟಾರ್ಪಾಲಿನ ತುಂಡು ಹಾಸಿ, ಅಂಚಿಗೆ ಕಲ್ಲಿಟ್ಟರೆ ಸಾಕು. ಅಗ್ಗದ ಬ್ರೇಕಿಗೆ ಕೆಳಗಡೆಯೂ ತೂತುಗಳಿದ್ದವು, ಅದು ಹಾಕಿದ್ದ ದಿನ ಧೂಳು ಕಾಫಿ ಒಣಗಿಸುವ ಕಣದಲ್ಲಿ ಜೀಪು ಓಡಿಸಿದಷ್ಟು ಎದ್ದಿತ್ತು.

ಮಸಿ ತೆಗೆಯಲು ಬ್ರೇಕನ್ನು ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಮಿಶ್ರಣದಲ್ಲಿ ನೆನೆಸುವಂತೆ ಕೆಲವರು ಸಲಹೆ ಕೊಟ್ಟರು. ಅದು ಸೀಸವನ್ನು ಕರಗಿಸಿ ಲೆಡ್ ಅಸಿಟೇಟ್ ಮಾಡುತ್ತದೆ, ಚರ್ಮದ ಮೂಲಕವೂ ಮೈಗೆ ಸೇರುವ ವಿಷ. ಮಕ್ಕಳಿರುವ ಮನೆಯ ಗ್ಯಾರೇಜಿನಲ್ಲಿ ಅಂಥ ಬಟ್ಟಲು ಇಡಲಾರೆ. ಮಾಮೂಲಿ ಕಾರ್ಬನ್ ಕ್ಲೀನರ್, ಹಳೆಯ ಟೂತ್‌ಬ್ರಷ್, ಕೈಗವಸು. ಪೂರ್ತಿ ಹೊಳೆಯುವುದಿಲ್ಲ, ಹೊಳೆಯಬೇಕಾಗಿಯೂ ಇಲ್ಲ.

ಮೇ ತಿಂಗಳ ಎರಡನೇ ಶನಿವಾರ ಮತ್ತೆ ಅದೇ ರಾಂಚ್, ಅದೇ ಅಡ್ಡಗಟ್ಟೆ. ಈ ಸಲ ಫಲಕ 510 ಗಜಕ್ಕಿತ್ತು. ಮೊದಲ ಗುಂಡು ತಪ್ಪಿತು. ಫಲಕದ ಎಡಕ್ಕೆ, ಒಂದು ಮೊಳ ದೂರದಲ್ಲಿ, ಹಿಟ್ಟು ಉದುರಿದಷ್ಟು ಧೂಳು ಎದ್ದದ್ದು ಸ್ಕೋಪಿನಲ್ಲಿ ಸ್ಪಷ್ಟವಾಗಿ ಕಂಡಿತು. ತಪ್ಪಿದ್ದಕ್ಕೆ ಅಷ್ಟು ಸಂತೋಷಪಟ್ಟವನು ಆ ದಿನ ಮೈದಾನದಲ್ಲಿ ಬೇರೆ ಯಾರೂ ಇದ್ದಿರಲಾರರು. ಅಷ್ಟೇ ಬಲಕ್ಕೆ ಹಿಡಿದು ಎರಡನೆಯದು ಬಿಟ್ಟೆ, ಸ್ವಲ್ಪ ತಡವಾಗಿ ಫಲಕದ ಟಂಗ್ ಸದ್ದು ತೇಲಿ ಬಂತು. ಹತ್ತರಲ್ಲಿ ಎಂಟು. ಅದರ ಮುಂದಿನ ಹಂತದಲ್ಲಿ ತೋಟಾ ತುಂಬುವಾಗಲೇ ಕೈ ನಡುಗಿ ಹತ್ತರಲ್ಲಿ ಮೂರು, ಅದಕ್ಕೆ ಯಾವ ಬ್ರೇಕೂ ಸಿಗುವುದಿಲ್ಲ.

ಈ ನಳಿಕೆಯಲ್ಲಿ ಈಗಾಗಲೇ 1,900 ಗುಂಡು ಹೋಗಿವೆ. 6.5 ಕ್ರೀಡ್‌ಮೋರ್ ನಳಿಕೆ ಸ್ಪರ್ಧೆಯ ನಿಖರತೆ ಕಳೆದುಕೊಳ್ಳುವುದು 2,500ರ ಆಸುಪಾಸಿನಲ್ಲಿ, ದೀಪಾವಳಿ ಹೊತ್ತಿಗೆ ಹೊಸದು ಬೇಕು. ಇನ್ನೂ ಕಡಿಮೆ ಒದೆಯುವ 6 ಮಿಲಿಮೀಟರ್ ಗುಂಡಿಗೆ ಹೋಗುವ ಯೋಚನೆ ಇದೆ. ಥ್ರೆಡ್ ಅದೇ, ಬ್ರೇಕ್ ಹಾಗೆಯೇ ಕೂರುತ್ತದೆ. ಆದರೆ ಆ ಗುಂಡಿನ ನಿಜವಾದ ವ್ಯಾಸ 6.17, ನನ್ನ ಬ್ರೇಕಿನ ಬಾಯಿಯೂ 7.3, ಸಂದು ದುಪ್ಪಟ್ಟಿನ ಹತ್ತಿರವಾಗುತ್ತದೆ. ಮುಚ್ಚಿರುವ ಆ ಒಂದು ತಿರುಪನ್ನೂ ಮತ್ತೆ ಲೆಕ್ಕ ಹಾಕಬೇಕು. ಗನ್‌ಸ್ಮಿತ್ ಅಜ್ಜನಿಗೆ ಫೋನ್ ಮಾಡಿದ್ದೆ. ಹೊಸ ನಳಿಕೆಯ ಥ್ರೆಡ್ಡನ್ನು ಅವರೇ ಹಾಕಿಕೊಡುತ್ತಾರಂತೆ, ಷರತ್ತು ಹಳೆಯದೇ: ಪಕ್ಕದಲ್ಲಿ ನಿಲ್ಲಬಹುದು, ಮಾತಾಡಬಾರದು.